ಪ್ರೆಸ್ಸಿನ ಕಾಕಾ ಮತ್ತು ಜೀಪಿನ ಕ್ಯಾಸೆಟ್

ಹೋದ ತಿಂಗಳು ಲಿಂಗಸುಗೂರಿನ ಗ್ಯಾರೇಜೊಂದರಲ್ಲಿ ಗಾಡಿ ರಿಪೇರಿಗೆ ಬಿಟ್ಟು ಕೂತಿದ್ದೆ. ಮೆಕ್ಯಾನಿಕ್ ಸೀಮೆಎಣ್ಣೆಯಲ್ಲಿ ಕೈ ತೊಳೆದು ಹಳೆಯ ಬನಿಯನ್ನಿಗೆ ಒರೆಸಿಕೊಂಡ. ಆ ವಾಸನೆಗೆ, ಮಸಿ ಹತ್ತಿದ ಕೈಯನ್ನು ಹೀಗೇ ತೊಳೆಯುತ್ತಿದ್ದ ಪ್ರೆಸ್ಸಿನ ಕಾಕಾ ನೆನಪಾದರು...

ಎಂಬತ್ತರ ದಶಕದ ಕೊನೆಗೆ ನಾನು ಮಸ್ಕಿಯ ಶಾಲೆಗೆ ಮೇಷ್ಟ್ರಾಗಿ ಬಂದಾಗ ಬಾಡಿಗೆ ಮನೆ ಸಿಕ್ಕಿದ್ದು ಅವರ ಪ್ರೆಸ್ಸಿನ ಪಕ್ಕದಲ್ಲಿ. ಒಂದೊಂದೇ ಅಚ್ಚಿನ ಮೊಳೆ ಜೋಡಿಸಿ, ಕಾಲಲ್ಲಿ ತುಳಿಯುವ ಯಂತ್ರದಲ್ಲಿ ಅಂಗಡಿಗಳ ಹ್ಯಾಂಡ್‌ಬಿಲ್ ಒತ್ತುತ್ತಿದ್ದರು. ಗಿರಾಕಿಗಳಲ್ಲಿ ಓದು ಬರದವರೇ ಹೆಚ್ಚು. ಹಾಗಾಗಿ ಮೊದಲ ಪ್ರತಿಯನ್ನು ಕಾಕಾ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಓದಬೇಕು, ಗಿರಾಕಿ ತಲೆಯಾಡಿಸಬೇಕು, ಆಮೇಲೇ ಉಳಿದದ್ದು. ಕಂಚಿನ ಕಂಠ ಅವರದು. ಗೊಬ್ಬರದ ಜಾಹೀರಾತು ಓದಿದರೂ ಚಹಾದ ಅಂಗಡಿಯಿಂದ ಜನ ಲೋಟ ಹಿಡಿದುಕೊಂಡೇ ಬಂದು ನಿಲ್ಲುತ್ತಿದ್ದರು.

ಪ್ರೆಸ್ಸು ನಡೆಯುತ್ತಿದ್ದದ್ದು ಸಿಂಧನೂರಿನ ಒಬ್ಬ ಜವಳಿ ಸಾಹುಕಾರರಿಂದ. ದಸರೆಯಿಂದ ದೀಪಾವಳಿಯವರೆಗೆ ಅವರದೇ ಕೆಲಸ. ಒಂದು ವರ್ಷ ಅವರು ಟೇಪ್‌ರೆಕಾರ್ಡರ್ ಹಿಡಿದುಕೊಂಡು ಬಂದರು.

"ಹ್ಯಾಂಡ್‌ಬಿಲ್ನ್ಯಾಗ ಮಂದಿ ಮಿರ್ಚಿ ಕಟ್ಟಾಕತ್ತಾರ, ಕಾಕಾ. ಈ ಸಲ ಜೀಪಿಗೆ ಮೈಕ್ ಕಟ್ತೀವಿ. ನೀವು ಬಾಗಿಲದಾಗ ನಿಂತು ಓದ್ತೀರಲ್ಲ, ಹಂಗ ಇದರಾಗ ಒಮ್ಮೆ ಹೇಳಿಬಿಡ್ರಿ."

ಕಾಕಾ ಕೈಯಲ್ಲಿದ್ದ ಮೊಳೆ ಕೆಳಗಿಟ್ಟು, "ಮಾತು ಗಾಳ್ಯಾಗ ಹೋಗತೈತ್ರಿ ಸಾಹುಕಾರ್ರ. ಕಾಗದ ಮನ್ಯಾಗ ಇರತೈತಿ," ಎಂದರು.

"ಓದಾಕ ಬರದವ್ರ ಮನ್ಯಾಗ ಇದ್ದು ಏನ್ ಮಾಡತೈತ್ರಿ?"

ಹಳೆಯ ಗಿರಾಕಿಯ ಮುಲಾಜಿಗೆ ಬಿದ್ದು ಕಾಕಾ ಓದಿಕೊಟ್ಟರು.

ಜೀಪು ಮಸ್ಕಿ, ಮುದಗಲ್, ಸಾಲಗುಂದ ಎಲ್ಲ ಸುತ್ತಿತು. ಸೀರೆ ಚೆನ್ನಾಗಿ ಖರ್ಚಾದವು. ಅದನ್ನು ನೋಡಿ ಉಳಿದ ಅಂಗಡಿಯವರೂ ಹ್ಯಾಂಡ್‌ಬಿಲ್ ಬಿಟ್ಟು ಮೈಕ್ ಹಿಡಿದರು. ಕಾಕಾರ ಅನ್ನಕ್ಕೆ ಕಾಕಾರ ಕಂಠವೇ ಕಲ್ಲು ಹಾಕಿತು. ಮುಂದಿನ ವರ್ಷ ಗುಜರಿಯವನು ಮೊಳೆಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಹೋದ. ಆ ಚಳಿಗಾಲ ಕಾಕಾ ಮಾತು ಕಡಿಮೆ ಮಾಡಿದರು, ಊಟ ಕಡಿಮೆ ಮಾಡಿದರು... ಹಾಸಿಗೆ ಹಿಡಿದವರು ಮತ್ತೆ ಏಳಲಿಲ್ಲ.

ಅವರು ಹೋದ ಮೇಲಿನ ದೀಪಾವಳಿಗೂ ಜೀಪು ಬಂತು, ಅದೇ ಕ್ಯಾಸೆಟ್. ಕಾಕಾರ ಹೆಂಡತಿ ಕಾಕಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದರು. ಗಂಡನ ಧ್ವನಿ ಕೇಳಿದ್ದೇ ತಡ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಎದ್ದು ನಿಂತುಬಿಟ್ಟರು. ಹೊಸ ಸೀರೆ ಬಂದಿವೆ, ತಪ್ಪದೆ ಬನ್ನಿ ಎನ್ನುತ್ತಾ ಕಾಕಾ ಬೀದಿ ದಾಟಿ ಹೋದರು.

ಮರುದಿನವೇ ಕಾಕಿ ಸಿಂಧನೂರಿಗೆ ಹೋಗಿ ಸಾಹುಕಾರರ ಮುಂದೆ ನಿಂತರಂತೆ. "ಅದನ್ನ ಬಂದ್ ಮಾಡ್ರಿ. ನನಗ ತಡಕೊಳ್ಳಾಕ ಆಗವಲ್ದು." ಸಾಹುಕಾರರು ಕೆಟ್ಟವರಲ್ಲ. ಅವತ್ತೇ ನಿಲ್ಲಿಸಿದರು.

ಯುಗಾದಿಯ ಹೊತ್ತಿಗೆ ಕಾಕಿ ನಮ್ಮ ಬಾಗಿಲಿಗೆ ಬಂದರು. "ಮಾಸ್ತರ್ರ, ಅವರ ಧ್ವನಿ ಒಂದು ಸಲ ಕೇಳಬೇಕು ಅನಸಾಕತ್ತೈತಿ. ಆ ಕ್ಯಾಸೆಟ್ ಇಸಕೊಂಡು ಬರ್ತೀರೇನು?"

ನಾನು ಹೋದೆ. ಸಾಹುಕಾರರು ಮುಖ ತಗ್ಗಿಸಿದರು. ಕಾಕಿ ಹೇಳಿಹೋದ ದಿನವೇ ಅದೇ ಕ್ಯಾಸೆಟ್ಟಿನ ಮೇಲೆ ಬೇರೊಬ್ಬರಿಂದ ಹೇಳಿಸಿಬಿಟ್ಟಿದ್ದರು; ಕಾಕಾರ ಧ್ವನಿ ಅಳಿಸಿಹೋಗಿತ್ತು. ನಾನು ಬಂದು ತಿಳಿಸಿದಾಗ ಕಾಕಿ "ಹೌದೇನ್ರಿ..." ಎಂದರು, ಅಷ್ಟೇ.

ಕಾಕಿಯೂ ತೀರಿಕೊಂಡು ಬಹಳ ವರ್ಷವಾಯಿತು. ಕಾಕಾರ ಮಸಿ ಹತ್ತಿದ ಬೆರಳು, ಮೂಗಿನ ಮೇಲೆ ಜಾರುವ ಕನ್ನಡಕ ಈಗಲೂ ಕಣ್ಣಿಗೆ ಕಟ್ಟಿದಂತಿವೆ. ಊರಿಗೇ ಕೇಳುತ್ತಿದ್ದ ಆ ಧ್ವನಿ ಮಾತ್ರ... ಎಷ್ಟು ನೆನೆದರೂ ಬರುತ್ತಿಲ್ಲ. ಹೇಗಿತ್ತು ಎಂದು ಯಾರನ್ನಾದರೂ ಕೇಳೋಣವೆಂದರೆ, ಅದನ್ನು ಕೇಳಿದ್ದವರು ಆ ಬೀದಿಯಲ್ಲಿ ಈಗ ಯಾರೂ ಇಲ್ಲ.