ಕುರ್ಚಿಯಿಂದ ಕದ್ದ ಹೆಸರು

ಆನ್ಸೆಲ್ಮ್ ತೆಸಾಂದಿಯೇ ಅವರು ಪ್ಯಾರಿಸ್ಸಿನ ನಮ್ಮ ಓಣಿಯಲ್ಲಿ, ನಮ್ಮ ಮನೆಯ ಮೇಲಿನ ಅಂತಸ್ತಿನಲ್ಲೇ, ಬಾಳಿನ ಬಹುಭಾಗವನ್ನು ಕಳೆದವರು. ಪ್ರಾರ್ಥನಾ ಪುಸ್ತಕಗಳನ್ನು ಅಚ್ಚುಹಾಕಿಸುವ ಒಂದು ಪ್ರಕಾಶನದಲ್ಲಿ ಕರಡು ತಿದ್ದುವುದು ಅವರ ವೃತ್ತಿ. ಮದುವೆಯಾಗಿರಲಿಲ್ಲ. ಮಾತು ಕಡಿಮೆ, ನಡೆ ಮೆಲು. ನನ್ನ ತಾಯಿ ನಮ್ಮ ಚರ್ಚಿನಲ್ಲಿ ಭಾನುವಾರದ ಬಲಿಪೂಜೆಯ ನಡುವೆ ಸಾಲುಸಾಲಾಗಿ ಹೋಗಿ ಕುಳಿತವರಿಂದ ಕುರ್ಚಿಯ ಬಾಡಿಗೆಯನ್ನು ವಸೂಲು ಮಾಡುತ್ತಿದ್ದವಳು. ಆಕೆಗೆ ತೆಸಾಂದಿಯೇ ಎಂದರೆ ಬಹಳ ಮೆಚ್ಚಿಕೆ.

“ಕೇಳೋದಕ್ಕೆ ಮುಂಚೆ ಕಾಸು ಕೈಗಿಡ್ತಾರೆ, ಪುಣ್ಯಾತ್ಮರು,” ಎನ್ನುತ್ತಿದ್ದಳು. “ನಿಮ್ಮಪ್ಪ ಸ್ವರ್ಗದ ಬಾಗಿಲಲ್ಲೂ ಚೌಕಾಸಿ ಮಾಡೋ ಆಸಾಮಿ.”

ಇಂಥವರು ಕೆಲಸದಿಂದ ಹಿಂದಿರುಗಿದ ಮೇಲೆ ಕದವಿಕ್ಕಿಕೊಂಡು ಬರೆಯುತ್ತಿದ್ದ ಕಥೆಗಳು ಯಾವ ಮನೆಯ ನಡುಮನೆಯಲ್ಲೂ ಇಡತಕ್ಕವಲ್ಲ. ಹಗಲೆಲ್ಲ ಸಂತರ ವಾಕ್ಯಗಳನ್ನು ತಿದ್ದಿದ ಲೇಖನಿ ಸಂಜೆ ಹಾಸಿಗೆಮನೆಯ ಪರದೆಯನ್ನು ಸರಿಸುತ್ತಿತ್ತು. ಮೊದಲು ವಿನೋದಕ್ಕೆಂದು ತೊಡಗಿದ್ದು ಕ್ರಮೇಣ ಚಟವಾಯಿತು. ಚಟಕ್ಕಿಂತ ಕೆಡುಕಾದ ಇನ್ನೊಂದು ಅದರೊಡನೆ ಸೇರಿಕೊಂಡಿತು. ತಮ್ಮ ಶೈಲಿಯ ಬಗ್ಗೆ ಅವರಿಗೆ ಒಳಗೊಳಗೇ ಹೆಮ್ಮೆ ಹುಟ್ಟಿತು.

ಅವುಗಳನ್ನು ಪ್ರಕಟಿಸುತ್ತಿದ್ದವಳು ಮದಾಂ ಪ್ರೂವೋ ಎಂಬ ವಿಧವೆ. ನದಿಯ ದಂಡೆಗೆ ಹತ್ತಿರದ ಅವಳ ಅಂಗಡಿಯ ಮುಂಗೋಣೆಯಲ್ಲಿ ಹಳೆಯ ನಕ್ಷೆಗಳು, ಹಿಂಗೋಣೆಯಲ್ಲಿ ಈ ಸರಕು. ಮೊದಲ ಹಸ್ತಪ್ರತಿಯನ್ನು ಓದಿ ಮುಗಿಸಿದ ದಿನ ಅವಳು ಕನ್ನಡಕವನ್ನು ತಲೆಗೇರಿಸಿಕೊಂಡು ಹೇಳಿದಳು:

“ಕಥೆ ಸೊಗಸಾಗಿದೆ, ಮೊಸ್ಯೂ. ಆದ್ರೆ ಬರೆದೋನು ಕರಡು ತಿದ್ದೋ ಬ್ರಹ್ಮಚಾರಿ ಅಂದ್ರೆ ಯಾರು ಕೊಳ್ತಾರೆ? ಈ ದಂಧೇಲಿ ಗಂಡಸರು ಬರೀಬಹುದು, ರಟ್ಟಿನ ಮೇಲೆ ಮಾತ್ರ ಹೆಂಗಸೇ ಇರಬೇಕು. ಅದೂ ದೊಡ್ಡ ಮನೆತನದೋಳು. ಬೇಗ ಒಂದು ಹೆಸರು ಹೇಳಿ.”

ಭಾನುವಾರ ಭಾನುವಾರವೂ ಅವರ ಕಣ್ಣೆದುರಿಗೇ ಇರುತ್ತಿದ್ದ ಹೆಸರೊಂದು ಆಗ ನಾಲಿಗೆಗೆ ಬಂದಿತು. ನಮ್ಮ ಚರ್ಚಿನ ಹಳೆಯ ಮನೆತನಗಳಿಗೆ ಸ್ವಂತ ಕುರ್ಚಿಗಳಿದ್ದವು. ಬೆನ್ನಿಗೆ ಹಿತ್ತಾಳೆಯ ತಗಡಿನಲ್ಲಿ ಹೆಸರು. ಮನೆತನ ಅಳಿದರೂ ತಗಡನ್ನು ಕೀಳುವ ಪದ್ಧತಿಯಿಲ್ಲ; ಅರ್ಧದಷ್ಟು ಹೆಸರುಗಳು ಆಗಲೇ ಸ್ಮಶಾನದ ಕಲ್ಲುಗಳ ಮೇಲೂ ಇದ್ದವು. ತೆಸಾಂದಿಯೇ ಅವರ ಮುಂದಿನ ಕುರ್ಚಿಯಲ್ಲಿ ಯಾರೂ ಕುಳಿತದ್ದನ್ನು ಅವರು ಕಂಡವರಲ್ಲ.

“ಯೂಲಾಲೀ ದ ಸೆರ್ವಾಕ್,” ಎಂದರು.

“ಹೆಸರಲ್ಲೇ ರೇಷ್ಮೆ ಸರಸರ ಅನ್ನುತ್ತೆ. ಇದಾಳಾ ಈಯಮ್ಮ?”

“ತೀರಿಕೊಂಡು ಎಷ್ಟೋ ಕಾಲ ಆಯ್ತು.”

ನನ್ನ ತಾಯಿಯನ್ನು ಕೇಳಿದ್ದರೆ ನಿಜ ತಿಳಿಯುತ್ತಿತ್ತು. ಆದರೆ ಕೇಳುವುದೇಕೆಂಬುದಕ್ಕೆ ಉತ್ತರ ಕೊಡಬೇಕಾಗುತ್ತಿತ್ತು. ಅದಕ್ಕಿಂತ ಒಬ್ಬಾಕೆಯನ್ನು ಸತ್ತಳೆಂದುಬಿಡುವುದು ಸುಲಭವಾಗಿ ಕಂಡಿತು.

ಆ ಹೆಸರಿನ ಪುಸ್ತಕಗಳು ಒಂದರ ಹಿಂದೊಂದು ಹೊರಬಂದವು. ಕೆಲವು ವರ್ಷಗಳ ತರುವಾಯ, ಶರತ್ಕಾಲದ ಒಂದು ಭಾನುವಾರ, ಬಿಸಿಲಿಗೆ ಬಾಡಿದ ಮುಖದ ಕೃಶಾಂಗಿಯಾದ ವೃದ್ಧೆಯೊಬ್ಬರು ತಗಡುಗಳನ್ನು ಓದುತ್ತ ಬಂದು ಆ ಕುರ್ಚಿಯಲ್ಲಿ ಕುಳಿತರು. ನನ್ನ ತಾಯಿ ಬಾಡಿಗೆಗೆಂದು ಬಳಿಸಾರಿದಳು.

“ಇದು ನನ್ನದೇ ಕುರ್ಚಿ ಕಣಮ್ಮ,” ಎಂದು ಆಕೆ ತಗಡನ್ನು ಬೆರಳಿನಿಂದ ಮುಟ್ಟಿ ತೋರಿಸಿದರು. “ಇನ್ನೂ ಬದುಕಿದೀನಿ. ಕ್ಷಮಿಸಬೇಕು.”

ಸುವಾರ್ತೆಯ ವಾಚನಕ್ಕೆ ಸಭೆಯೆಲ್ಲ ಎದ್ದು ನಿಂತಿತು. ತೆಸಾಂದಿಯೇ ಮಾತ್ರ ಕುಳಿತೇ ಇದ್ದರು.

ಮದುವೆಯಾಗದ ಮದ್ಮುವಾಜೆಲ್ ದ ಸೆರ್ವಾಕ್ ತಮ್ಮ ಪ್ರಾಯವನ್ನೆಲ್ಲ ಮಡಗಾಸ್ಕರಿನ ಮಿಷನ್ ಶಾಲೆಯೊಂದರಲ್ಲಿ ಸವೆಸಿ ಬಂದವರು. ಒಡಹುಟ್ಟಿದವರಾರೂ ಉಳಿದಿರಲಿಲ್ಲ. ಹಾಲಿನ ಅಂಗಡಿಯ ಮೇಲೊಂದು ಕೋಣೆ ಹಿಡಿದು, ಚರ್ಚಿನಲ್ಲಿ ಮೊದಲ ಸಲ ಪ್ರಸಾದ ಸ್ವೀಕರಿಸಲು ಸಿದ್ಧರಾಗುವ ಹೆಣ್ಣುಮಕ್ಕಳಿಗೆ ಜ್ಞಾನೋಪದೇಶದ ಪಾಠ ಹೇಳತೊಡಗಿದರು. ಅವರ ಮುಪ್ಪಿಗೆ ಆ ಪಾಠವೊಂದೇ ಊರುಗೋಲು.

ತೆಸಾಂದಿಯೇ ಮರುದಿನವೇ ಮದಾಂ ಪ್ರೂವೋಳ ಅಂಗಡಿಗೆ ಹೋಗಿ, ಆ ಹೆಸರನ್ನು ಕೈಬಿಡಬೇಕೆಂದು ಬೇಡಿಕೊಂಡರು.

“ಗಿರಾಕಿಗಳು ಒಳಗೆ ಬರ್ತಿದ್ದ ಹಾಗೇ ಯೂಲಾಲೀ ಬಂದಳಾ ಅಂತಾರೆ. ಅವಳನ್ನ ಈಗ ಮಣ್ಣುಮಾಡು ಅಂತೀರಾ? ಆ ಮುದುಕಮ್ಮ ಇಂಥದ್ದು ಓದ್ತಾಳಾ? ಇಲ್ಲ. ಅವಳ ಪರಿಚಯದೋರು ಓದ್ತಾರಾ? ಓದಿದ್ರೂ ಓದಿದೆ ಅಂತ ಬಾಯಿ ಬಿಡ್ತಾರಾ? ಸುಮ್ಮನೆ ಮನೆಗೆ ಹೋಗಿ, ಮೊಸ್ಯೂ.”

ಅವರಿಗೂ ಬೇಕಾಗಿದ್ದುದು ಆ ಸಮಾಧಾನವೇ. ಸುಮ್ಮನಾದರು. ಸುಮ್ಮನಾದುದಲ್ಲದೆ, ಅದೇ ಹೆಸರಿಗೆ ಇನ್ನೊಂದು ಕಥೆಯನ್ನೂ ಬರೆದುಕೊಟ್ಟರು.

ಆ ಕಥೆಯ ಮೇಲೆ ಪೊಲೀಸರ ಕಣ್ಣು ಬಿದ್ದಿತು. ಪ್ರತಿಗಳು ಜಪ್ತಿಯಾದವು, ಸಾರ್ವಜನಿಕ ಶೀಲಕ್ಕೆ ಧಕ್ಕೆ ತಂದ ಆರೋಪದ ಮೇಲೆ ಮೊಕದ್ದಮೆ ಹೂಡಲಾಯಿತು, ಪತ್ರಿಕೆಗಳು ಲೇಖಕಿಯ ಹೆಸರನ್ನು ದಪ್ಪಕ್ಷರದಲ್ಲಿ ಅಚ್ಚುಹಾಕಿದವು. ಇಂಥ ಪುಸ್ತಕಗಳ ಮೇಲಿನ ಹೆಸರು ಸುಳ್ಳೆಂದು ಪೊಲೀಸರಿಗೆ ಗೊತ್ತಿತ್ತು; ಪ್ರೂವೋ ಮಾತ್ರ ಲೇಖಕರಾರೆಂಬುದನ್ನು ಹೇಳಲಿಲ್ಲ. ಏನೇ ಆದರೂ ಹೇಳದಿರುವುದು ಆ ದಂಧೆಯವರು ಪಾಲಿಸುವ ಒಂದೇ ವ್ರತ.

ನಮ್ಮ ಓಣಿಗೆ ಯೂಲಾಲೀ ದ ಸೆರ್ವಾಕ್ ಎಂದರೆ ಒಬ್ಬರೇ.

“ಮಡಗಾಸ್ಕರಲ್ಲಿ ಏನು ಪಾಠ ಹೇಳ್ಕೊಡ್ತಿದ್ಲೋ,” ಎಂದಳು ಹಾಲಿನವಳು, ಕ್ಯಾನು ತೊಳೆಯುತ್ತ. “ಬಿಸಿಲು ದೇಶ ನೋಡು.”

“ಲೇ, ಆ ಹೆಂಗಸು ಮೊಣಕೈ ಕೂಡ ಕಾಣಿಸದ ಹಾಗೆ ಬಟ್ಟೆ ಹಾಕ್ತಾಳಲ್ಲೇ,” ಎಂದಳು ನನ್ನ ತಾಯಿ.

“ಅಂಥವರೇ ಬರೆಯೋದು. ಬಿಚ್ಚಿಕೊಂಡು ತಿರುಗೋರಿಗೆ ಪುರುಸೊತ್ತೆಲ್ಲಿ?”

ತಾಯಂದಿರು ಒಬ್ಬೊಬ್ಬರಾಗಿ ಹೆಣ್ಣುಮಕ್ಕಳನ್ನು ಬಿಡಿಸಿಕೊಂಡರು. ನಮ್ಮ ಚರ್ಚಿನ ಪಾದ್ರಿ ಲೆಸ್ಕ್ಯೂರ್ ಸಜ್ಜನರು. ಕೊನೆಗೆ ಅವರೂ ಆಕೆಯನ್ನು ಕರೆದು, ಕೆಲಕಾಲ ವಿಶ್ರಾಂತಿ ತೆಗೆದುಕೊಳ್ಳಿ ಎಂದರು.

“ನಾನು ಬರೀಲಿಲ್ಲ, ಫಾದರ್.”

“ಗೊತ್ತು, ಮದ್ಮುವಾಜೆಲ್. ಆದ್ರೆ ಬರೆದೋನನ್ನ ನಾನು ಎಲ್ಲಿಂದ ತಂದು ತೋರಿಸ್ಲಿ?”

ಬರೆದವನು ಆ ಶನಿವಾರವೇ ಅವರ ಬಳಿಗೆ ಬಂದನು. ಆದರೆ ಬಂದದ್ದು ಪಾಪನಿವೇದನೆಯ ಗೂಡಿಗೆ. ತೆಸಾಂದಿಯೇ ಜಾಲರಿಗೆ ಬಾಯಿಟ್ಟು ಎಲ್ಲವನ್ನೂ ಒಪ್ಪಿಸಿದರು. ಇದನ್ನು ಎಷ್ಟೋ ವರ್ಷಗಳ ಮೇಲೆ ಅವರೇ ನಮಗೆ ಹೇಳಿದರು. ಗೂಡಿನಲ್ಲಿ ಕೇಳಿದ್ದನ್ನು ಪಾದ್ರಿ ತಾವು ಸಾಯುವವರೆಗೂ ಯಾರಿಗೂ ಹೇಳುವಂತಿರಲಿಲ್ಲ.

“ಬುದ್ಧಿವಂತ ನೀನು,” ಎಂದರಂತೆ ಲೆಸ್ಕ್ಯೂರ್. “ಲೋಕದಲ್ಲಿ ಯಾವ ಕಿವಿಗೆ ಹೇಳಿದರೆ ಏನೂ ಆಗೋದಿಲ್ವೋ, ಆ ಕಿವೀನೇ ಹುಡುಕಿಕೊಂಡು ಬಂದಿದೀಯ. ನಾನು ಈ ಗೂಡಿಂದ ಎದ್ದೆ ಅಂದ್ರೆ ನನಗೆ ಇದು ಗೊತ್ತಿಲ್ಲ. ನಾಳೆ ಆಕೆ ನನ್ನ ಮುಂದೆ ನಿಂತ್ರೂ ಗೊತ್ತಿಲ್ಲ.”

“ಪಶ್ಚಾತ್ತಾಪ ಪಟ್ಟಿದೀನಿ, ಸ್ವಾಮಿ.”

“ಆಕೆಯಿಂದ ತಗೊಂಡದ್ದನ್ನ ಆಕೆಗೆ ಕೊಡ್ತೀನಿ ಅನ್ನು, ಪಾಪಕ್ಷಮೆ ಕೊಡ್ತೀನಿ. ಅಲ್ಲೀವರೆಗೆ ಎದ್ದು ಹೋಗು.”

ಪ್ರಾರ್ಥನಾ ಪುಸ್ತಕಗಳಲ್ಲಿ ಆ ವಿಧಿಯ ಅಚ್ಚಿನ ತಪ್ಪುಗಳನ್ನು ಅದೆಷ್ಟೋ ಬಾರಿ ತಿದ್ದಿದ್ದ ಮನುಷ್ಯ, ಕ್ಷಮೆ ದೊರೆಯದೆ ಗೂಡಿನಿಂದ ಹೊರಬಂದನು. ಸರತಿಯಲ್ಲಿದ್ದವರು ಮುಖ ನೋಡಿದರು. ಆ ನೋಟವನ್ನೇ ತಾಳಲಾರದೆ ಹೋದೆ, ಆಕೆ ಅದನ್ನು ವಾರಗಟ್ಟಲೆ ತಾಳಿದ್ದರು, ಎಂದು ನಮ್ಮೊಡನೆ ಹೇಳುವಾಗಲೂ ಅವರು ತಲೆಯೆತ್ತಲಿಲ್ಲ. ಚರ್ಚಿನಿಂದ ನೆಟ್ಟಗೆ ಪೊಲೀಸ್ ಕಚೇರಿಗೆ ಹೋದರು.

“ನೀವೇನಾ ಆ ಯೂಲಾಲೀ?” ಎಂದ ಅಧಿಕಾರಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಪಕ್ಕದವನತ್ತ ತಿರುಗಿದ. “ನೀನು ಯೂಲಾಲೀಗೆ ಪ್ರೇಮಪತ್ರ ಬರೀತೀನಿ ಅಂತಿದ್ಯಲ್ಲ, ಬಾ, ಕೊಡು.”

ಕರಡು ತಿದ್ದುವ ಕೆಲಸ ಮರುದಿನವೇ ಹೋಯಿತು. ವಿಚಾರಣೆಯ ದಿನ ನಮ್ಮ ಓಣಿಯ ಅರ್ಧ ಜನ ನ್ಯಾಯಾಲಯದಲ್ಲಿದ್ದರು. ಹಾಲಿನವಳು ಅಂಗಡಿ ಮುಚ್ಚಿ ಬಂದಿದ್ದಳು. ಮದ್ಮುವಾಜೆಲ್ ನನ್ನ ತಾಯಿಯ ಪಕ್ಕದಲ್ಲಿ ಕೈಚೀಲವನ್ನು ಮಡಿಲಲ್ಲಿಟ್ಟು ಕುಳಿತಿದ್ದರು. ಗುಮಾಸ್ತ ಕೂಗಿದ: “ಯೂಲಾಲೀ ದ ಸೆರ್ವಾಕ್ ಎಂಬ ಹೆಸರಿನಿಂದ ಬರೆಯುವವರು.”

ಆರೋಪಿಯ ಸ್ಥಾನದಲ್ಲಿ ತೆಸಾಂದಿಯೇ ಎದ್ದು ನಿಂತರು. ನಮ್ಮ ಬೆಂಚಿನಲ್ಲಿ, ಕರೆದೊಡನೆ ಏಳುವ ಶಾಲೆಯ ಅಭ್ಯಾಸದಿಂದ, ಮದ್ಮುವಾಜೆಲ್ಲರೂ ಅರ್ಧ ಎದ್ದಿದ್ದರು. ಜನ ನಕ್ಕರು. ನನ್ನ ತಾಯಿ ತೋಳು ಹಿಡಿದು ಕೂರಿಸಿದಳು. ತೆಸಾಂದಿಯೇ ಅದನ್ನು ಕಂಡರು. ದಂಡ ವಿಧಿಸಿದ ತೀರ್ಪನ್ನು ಅವರು ಕೇಳಿಸಿಕೊಂಡರೋ ಇಲ್ಲವೋ ನಾನರಿಯೆ.

ಹೊರಗೆ ಮೆಟ್ಟಿಲ ಬಳಿ ತೆಸಾಂದಿಯೇ ಟೊಪ್ಪಿಗೆಯನ್ನು ಕೈಯಲ್ಲಿ ಹಿಡಿದು ಕಾದಿದ್ದರು. ಆಕೆಯೇ ನಿಂತು ಮಾತನಾಡಿದರು.

“ಮಕ್ಕಳು ಸೋಮವಾರದಿಂದ ಬರ್ತಾರಂತೆ, ಮೊಸ್ಯೂ. ಫಾದರ್ ಹೇಳಿಕಳಿಸಿದಾರೆ. ನೀವು ಬಾಯಿ ಬಿಟ್ಟಿದ್ದಕ್ಕೆ ಬಂತು, ಅದನ್ನ ಇಲ್ಲ ಅನ್ನೋಲ್ಲ.”

“ಮದ್ಮುವಾಜೆಲ್, ನಾನು...”

“ಆದ್ರೆ ಬೀದೀಲಿ ಯಾರಾದ್ರೂ ನನ್ನ ಹೆಸರು ಹಿಡಿದು ಕೂಗಿದ್ರೆ, ಈಗ ನಾನು ತಿರುಗೋದಿಲ್ಲ. ಮೊದಲು ಸುತ್ತ ಯಾರಿದಾರೆ ಅಂತ ನೋಡ್ತೀನಿ. ಅದಕ್ಕೇನು ಮಾಡ್ತೀರಿ?”

ಆಕೆ ನನ್ನ ತಾಯಿಯ ತೋಳು ಹಿಡಿದು ಮೆಟ್ಟಿಲಿಳಿದರು.