ನೂರ ಎಪ್ಪತ್ತೊಂದನೇ ಸೀರೆಯ ಕೆಂಪು

ಜೂನ್ 11, 2024, ಮಂಗಳವಾರ, ಬೆಳಿಗ್ಗೆ 10.40. ಕೊಳ್ಳೇಗಾಲದ ನಮ್ಮ ರೇಷ್ಮೆ ನೇಕಾರರ ಸಂಘದ ಕಚೇರಿ. ಮಾಂಬಳ್ಳಿಯಿಂದ ಬಂದಿದ್ದ ದೇವೀರಮ್ಮನವರು ಮೇಜಿನ ಮೇಲಿದ್ದ ಕೆಂಪು ನೂಲಿನ ಲಡಿಯನ್ನು ಎತ್ತಿಕೊಂಡು ಬಾಗಿಲಿಗೆ ಹೋದರು. ಬೆಳಕಿಗೆ ಹಿಡಿದು ಒಮ್ಮೆ ತಿರುಗಿಸಿ ನೋಡಿದರು. ವಾಪಸ್ಸು ತಂದು ಮೇಜಿನ ಮೇಲೆ ಹಾಕಿದರು.

“ಇದು ನಮ್ಮನೆ ಕೆಂಪಲ್ಲ. ಇದ ಉಟ್ಕಂಡು ನನ್ ಮೊಮ್ಮಗ್ಳು ಧಾರೆಗೆ ಕೂತ್ರೆ ಬದ್ನೆಕಾಯಿ ಮೂಟೆ ತಂದು ಕೂರ್ಸವ್ರೆ ಅಂತಾರೆ ಜನ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಮೂಲೆಯಲ್ಲಿ ನಿಂತಿದ್ದ ಚೌಡಪ್ಪನವರು ಮಾತ್ರ ನಗಲಿಲ್ಲ. ಆ ಲಡಿಗೆ ಬಣ್ಣ ಹಾಕಿದ್ದವರು ಅವರೇ. ವಯಸ್ಸು ಅರವತ್ತೆರಡು. ಮೂವತ್ತೆಂಟು ವರ್ಷದಿಂದ ಸಂಘದ ಬಣ್ಣದ ಮನೆ ಅವರ ಕೈಯಲ್ಲಿತ್ತು.

ನಾನು ಈ ಸಂಘಕ್ಕೆ ದಾಖಲೆ ಸಹಾಯಕಿಯಾಗಿ ಸೇರಿದ್ದು ಹಿಂದಿನ ನವೆಂಬರಿನಲ್ಲಿ. ಕೊಳ್ಳೇಗಾಲ, ಯಳಂದೂರು, ಹನೂರಿನ ಮನೆಗಳಲ್ಲಿ ಉಳಿದಿರುವ ಹಳೆಯ ರೇಷ್ಮೆ ಸೀರೆಗಳ ಫೋಟೊ ತೆಗೆದು, ಅಂಚು, ಸೆರಗು, ಬಣ್ಣಗಳನ್ನು ಒಂದು ಪುಸ್ತಕವಾಗಿ ಮಾಡುವುದು ನನ್ನ ಕೆಲಸ. ಮೊಬೈಲ್ ಫೋನು ಬಣ್ಣವನ್ನು ತನಗೆ ತೋಚಿದಂತೆ ತಿದ್ದುತ್ತದೆ. ಒಂದೇ ಸೀರೆಯನ್ನು ಎರಡು ಸಲ ತೆಗೆದರೆ ಎರಡು ಬಣ್ಣ ಬರುತ್ತದೆ. ಅದಕ್ಕಾಗಿ ಸಂಘದವರು ಅಂಗೈಯಷ್ಟಗಲದ ಒಂದು ಕಾಂಪ್ಯಾಕ್ಟ್ ಡಿಜಿಟಲ್ ಕ್ಯಾಮೆರಾ ಕೊಡಿಸಿದ್ದರು. ಅದರಲ್ಲಿ ಎಲ್ಲವನ್ನೂ ನಾವೇ ನಿಗದಿ ಮಾಡಬಹುದು.

ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಆ ನಿಗದಿಗಳು ಇನ್ನೂ ಇವೆ. ಫ್ಲ್ಯಾಶ್ ಬಂದ್, ಏಕೆಂದರೆ ಜರಿ ಹೊಳೆದು ಅಂಚು ಕಾಣುವುದಿಲ್ಲ. ಐಎಸ್‌ಒ 100, ಈ ಸಂಖ್ಯೆ ಹೆಚ್ಚಿಸಿದರೆ ಕತ್ತಲಲ್ಲೂ ಫೋಟೊ ಬರುತ್ತದೆ, ಆದರೆ ರವೆ ಚೆಲ್ಲಿದಂತೆ ಚುಕ್ಕೆ ಬೀಳುತ್ತವೆ. ಹೂವಿನ ಗುರುತಿನ ಮ್ಯಾಕ್ರೋ, ಎಳೆ ಎಣಿಸುವಷ್ಟು ಹತ್ತಿರ ಹೋಗುವುದಕ್ಕೆ. ಎರಡು ಸೆಕೆಂಡಿನ ಟೈಮರ್, ಬೆರಳು ಒತ್ತಿದಾಗ ಕ್ಯಾಮೆರಾ ಅಲುಗದಿರಲಿ ಎಂದು. ಕೊನೆಯದು ವೈಟ್ ಬ್ಯಾಲೆನ್ಸ್. ಟ್ಯೂಬ್‌ಲೈಟಿನ ಬೆಳಕು, ಬಲ್ಬಿನ ಬೆಳಕು, ಅಂಗಳದ ಬಿಸಿಲು ಒಂದೊಂದೂ ಒಂದೊಂದು ಬಣ್ಣದವು. ನಮ್ಮ ಕಣ್ಣು ಅದನ್ನು ತಾನಾಗಿ ಸರಿಮಾಡಿಕೊಳ್ಳುತ್ತದೆ, ಕ್ಯಾಮೆರಾಕ್ಕೆ ಹೇಳಿಕೊಡಬೇಕು. ಆಯಾ ಜಾಗದ ಬೆಳಕಿನಲ್ಲಿ ಒಂದು ಬಿಳಿ ವಸ್ತುವನ್ನು ತೋರಿಸಿ ‘ಇದೇ ಬಿಳಿ’ ಎಂದು ಕಸ್ಟಮ್ ಗುಂಡಿ ಒತ್ತಿದರೆ, ಉಳಿದ ಬಣ್ಣಗಳನ್ನೆಲ್ಲ ಅದು ಆ ಬಿಳಿಯ ಲೆಕ್ಕದಲ್ಲಿ ಹೊಂದಿಸುತ್ತದೆ.

ನಾನು ಪ್ರತಿ ಮನೆಯಲ್ಲೂ ಇದನ್ನು ತಪ್ಪದೆ ಮಾಡಿದೆ. ಅದಕ್ಕೆಂದೇ ಒಂದು ಬಟ್ಟೆ ಚೂರು ಇಟ್ಟುಕೊಂಡಿದ್ದೆ: ಬಣ್ಣ ಹಾಕದ ರೇಷ್ಮೆ, ಸೋಪಿನ ನೀರಿನಲ್ಲಿ ಬೇಯಿಸಿ ಅಂಟು ತೆಗೆದ ನೂಲಿನಿಂದ ನೇಯ್ದದ್ದು. ನಮ್ಮ ಗೋದಾಮಿನ ಹಳದಿ ಕಚ್ಚಾ ನೂಲಿನ ಪಕ್ಕದಲ್ಲಿ ಅದು ಹಾಲಿನಷ್ಟು ಬೆಳ್ಳಗೆ ಕಾಣುತ್ತಿತ್ತು. ರೇಷ್ಮೆಯನ್ನು ಅಳೆಯುವುದಕ್ಕೆ ರೇಷ್ಮೆಯೇ ಸರಿ ಎಂದುಕೊಂಡಿದ್ದೆ.

ದೇವೀರಮ್ಮನವರ ಸೀರೆ ನನ್ನ ಪಟ್ಟಿಯಲ್ಲಿ 171ನೆಯದು. ಏಪ್ರಿಲ್ 18ರಂದು ಮಾಂಬಳ್ಳಿಯ ಅವರ ಮನೆಯಲ್ಲೇ ತೆಗೆದದ್ದು. ಮಡಿಕೆಗಳಲ್ಲಿ ಬಿರಿದಿದ್ದ ಅವರ ಧಾರೆ ಸೀರೆ. ಆಗಸ್ಟಿನಲ್ಲಿ ಮದುವೆಯಾಗುವ ಮೊಮ್ಮಗಳಿಗೆ ಅದೇ ಬಣ್ಣದ ಹೊಸ ಸೀರೆ ನೇಯ್ದುಕೊಡಲು ನಮ್ಮಲ್ಲೇ ಹೇಳಿದ್ದರು. ಆದರೆ ಧಾರೆ ಸೀರೆ ಒಂದು ರಾತ್ರಿಯೂ ಮನೆ ಬಿಟ್ಟಿರಬಾರದು ಎನ್ನುವುದು ಅವರ ಮನೆತನದ ರೂಢಿ. ಹಾಗಾಗಿ ಬಣ್ಣದ ಮನೆಗೆ ಹೋದದ್ದು ಸೀರೆಯಲ್ಲ, ಸ್ಟುಡಿಯೊದವರಿಗೆ ‘ಏನೂ ತಿದ್ದಬೇಡಿ’ ಎಂದು ಹೇಳಿ ಹಾಕಿಸಿದ ನನ್ನ ಪ್ರಿಂಟ್.

ಅದನ್ನು ನೋಡಿದ ದಿನವೇ ಚೌಡಪ್ಪನವರು ಅಡ್ಡಡ್ಡ ತಲೆ ಆಡಿಸಿದ್ದರು. “ಆ ಕಾಲುದ್ ಧಾರೆ ಕೆಂಪು ಇಂಗಿರಲ್ಲ ಕಣವ್ವ. ಇದರಲ್ಲಿ ನೀಲಿ ಕಲ್ತ್ಕಂಡದೆ.”

“ಕ್ಯಾಮೆರಾ ಇದ್ದದ್ದನ್ನೇ ತೋರಿಸುತ್ತೆ ಚೌಡಪ್ಪಣ್ಣ. ಫೋಟೊ ಹೇಗಿದೆಯೋ ಹಾಗೇ ಹಾಕಿ.”

“ಆಯ್ತು ಬುಡು. ಅದು ಯೋಳ್ದಂಗೇ ಹಾಕ್ತೀನಿ.”

ಮೊದಲನೆಯ ಲಡಿ ಜೂನ್ 11ಕ್ಕೆ ವಾಪಸ್ಸಾಯಿತು. ನಾನು ಅದೇ ಪ್ರಿಂಟನ್ನು ಮತ್ತೆ ಕೊಟ್ಟೆ. ಎರಡನೆಯ ಲಡಿ 18ಕ್ಕೆ ವಾಪಸ್ಸು ಬಂತು. ಆಗ ನಮ್ಮ ಕಾರ್ಯದರ್ಶಿ ನಾಗರಾಜು ಅವರು ನನ್ನನ್ನು ಕರೆದರು. “ಚೌಡಪ್ಪನಿಗೆ ಹೋದ ವರ್ಷ ಕಣ್ಣಿನ ಪೊರೆ ತೆಗೆಸಿದ್ದಾರೆ. ಅದರಿಂದ ಬಣ್ಣ ಬೇರೆ ಥರ ಕಾಣುತ್ತಾ? ಕಮಿಟಿಗೆ ಒಂದು ಟಿಪ್ಪಣಿ ಬರಿ.”

ಬರೆದೆ. ಜೂನ್ 20, ಒಂದು ಪುಟ. ಪೊರೆ ತೆಗೆಸಿಕೊಂಡವರಿಗೆ ನೀಲಿ ಮೊದಲಿಗಿಂತ ಹೆಚ್ಚು ಕಾಣಬಹುದು ಎಂದು ಎಲ್ಲೋ ಓದಿದ್ದೆ. ಅದನ್ನೇ ಚಂದವಾಗಿ ಬರೆದುಕೊಟ್ಟೆ. ಫೋಟೊವನ್ನೂ ನೂಲನ್ನೂ ನೋಡುವುದು ಅದೇ ಕಣ್ಣು, ಹೆಚ್ಚು ಕಂಡರೆ ಎರಡರಲ್ಲೂ ಹೆಚ್ಚು ಕಾಣಬೇಕು ಎಂಬ ಸಣ್ಣ ಯೋಚನೆ ನನಗೆ ಬರಲಿಲ್ಲ. ಬಣ್ಣದ ಮನೆಯನ್ನು ಬೇರೆಯವರಿಗೆ ವಹಿಸಿ, ಚೌಡಪ್ಪನವರನ್ನು ನೂಲು ಸುತ್ತುವುದಕ್ಕೆ ಕೂರಿಸುವ ತೀರ್ಮಾನವನ್ನು ಜೂನ್ 29ಕ್ಕೆ ಸೇರಲಿದ್ದ ಕಮಿಟಿಯಲ್ಲಿ ಮಾಡುವುದು ಎಂದು ಮಾತಾಯಿತು. ಅವರಿಗೂ ಗೊತ್ತಾಯಿತು. ನನ್ನ ಟಿಪ್ಪಣಿಯ ವಿಷಯವೂ ಗೊತ್ತಾಯಿತು.

ಜೂನ್ 24, ಸೋಮವಾರ. ಬೆಳಿಗ್ಗೆ 9.20ರ ಬಸ್ಸಿನಲ್ಲಿ ಹನೂರಿಗೆ ಹೋದೆ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಬ್ಲೌಸ್ ಹೊಲಿಯುವ ಸೆಲ್ವಿ ಎಂಬವರ ಮನೆ. ಅವರ ತಾಯಿಯ ಸೀರೆ ನನ್ನ 213ನೆಯದಾಗಬೇಕಿತ್ತು. ಸೀರೆ ಹರಡಿದೆ, ಬಟ್ಟೆ ಚೂರು ತೆಗೆದು ಕ್ಯಾಮೆರಾಕ್ಕೆ ಹಿಡಿದೆ.

“ಅದ್ಯಾಕಮ್ಮ?” ಎಂದರು ಸೆಲ್ವಿ, ಮೆಷಿನ್ ತುಳಿಯುತ್ತಲೇ.

“ಬಿಳಿ ಯಾವುದು ಅಂತ ಕ್ಯಾಮೆರಾಕ್ಕೆ ತೋರಿಸೋಕೆ.”

ಮೆಷಿನ್ ನಿಂತಿತು. “ಅಯ್ಯೋ, ಇದು ಬಿಳೀನಾ? ಇದು ಸ್ಯಾಂಡಲ್ ಕಲರ್! ಬಿಳಿ ಅಂತ ಇದನ್ನ ಲೈನಿಂಗ್ ಹಾಕ್ಕೊಟ್ರೆ ನನ್ ಮುಖಕ್ಕೇ ಎಸೆದು ಓಯ್ತಾರೆ.” ಕತ್ತರಿಸಲು ಇಟ್ಟಿದ್ದ ಹೊಸ ಬಿಳಿ ಪಾಪ್ಲಿನ್ ಬಟ್ಟೆಯನ್ನು ಎಳೆದು, ನನ್ನ ಚೂರನ್ನು ಅದರ ಮೇಲೆ ಇಟ್ಟರು. “ಈಗ ನೋಡಿ.”

ನೋಡಿದೆ. ಪಾಪ್ಲಿನ್ ಮೇಲೆ ನನ್ನ ಬಿಳಿ, ಕರಗಿಸಿದ ಬೆಣ್ಣೆಯ ಬಣ್ಣಕ್ಕಿತ್ತು.

ಅದೇ ಸೀರೆಯನ್ನು ಎರಡು ಸಲ ತೆಗೆದೆ. ಪಾಪ್ಲಿನ್ ತೋರಿಸಿ ತೆಗೆದದ್ದು ನೆಲದ ಮೇಲಿದ್ದ ಸೀರೆಯಂತೆಯೇ ಬಂತು. ನನ್ನ ಚೂರು ತೋರಿಸಿ ತೆಗೆದದ್ದರ ಮೇಲೆ ಬಟ್ಟೆಗೆ ಹಾಕುವ ನೀಲಿಯ ನೀರು ಎರಚಿದ ಹಾಗಿತ್ತು. ಹಳದಿ ಬೆರೆತದ್ದನ್ನು ಬಿಳಿ ಎಂದು ಹೇಳಿಕೊಟ್ಟರೆ ಕ್ಯಾಮೆರಾ ಆ ಹಳದಿಯನ್ನು ಹೊಡೆದುಹಾಕಲು ಎಲ್ಲದಕ್ಕೂ ನೀಲಿ ಸೇರಿಸುತ್ತದೆ. ಕುಂಕುಮದ ಕೆಂಪು ಬದನೆಕಾಯಿಯ ಕಡೆ ಜಾರುವುದು ಹೀಗೆ.

ಸೆಲ್ವಿ ಕತ್ತರಿಸಿಕೊಟ್ಟ ಒಂದು ಪಾಪ್ಲಿನ್ ತುಂಡು ಇಟ್ಟುಕೊಂಡು 2.15ರ ಬಸ್ಸು ಹತ್ತಿದೆ. ಕೊಳ್ಳೇಗಾಲದವರೆಗೆ ಎಷ್ಟು ಸಲ ಕ್ಯಾಮೆರಾ ತೆರೆದು ಮುಚ್ಚಿದೆನೋ, ಎಲ್ಲವನ್ನೂ ಎಣಿಸುವ ನಾನು ಅದನ್ನು ಎಣಿಸಲಿಲ್ಲ. ನೋಟ್‌ಬುಕ್ಕಿನ ಕೊನೆಯಲ್ಲಿ ಒಂದು ಪಟ್ಟಿ ಇತ್ತು: ಫೋಟೊ ನೋಡಿ ‘ನಮ್ಮ ಸೀರೆ ಹೀಗಿಲ್ಲ’ ಎಂದ ಮನೆಯವರು, 31. ಪಕ್ಕದಲ್ಲಿ ನನ್ನದೇ ಅಕ್ಷರದಲ್ಲಿ ಕಾರಣ: ‘ಕ್ಯಾಮೆರಾದ ಪರದೆ ಚಿಕ್ಕದು.’

ಮಾರನೆಯ ದಿನವೇ ಹೇಳಬಹುದಿತ್ತು. ಹೇಳಲಿಲ್ಲ. ಪರೀಕ್ಷೆ ಮಾಡಿ ಖಚಿತಪಡಿಸಿಕೊಳ್ಳುತ್ತೇನೆ ಎಂದುಕೊಂಡೆ. ಮಂಗಳವಾರ ಒಂಬತ್ತು ಸಲ, ಬುಧವಾರ ಐದು ಸಲ ಅದೇ ಪರೀಕ್ಷೆ, ಅದೇ ಉತ್ತರ. ಆ ಚೂರನ್ನು ಎಸೆದು ಪಾಪ್ಲಿನ್ ಇಟ್ಟುಕೊಂಡರೆ ಯಾರಿಗೂ ತಿಳಿಯುವುದಿಲ್ಲ ಎಂಬ ಯೋಚನೆ ಎರಡು ದಿನವೂ ಬಂತು. ಬಂದದ್ದನ್ನು ಬರೆದಿಟ್ಟಿದ್ದೇನೆ.

ಜೂನ್ 27, ಗುರುವಾರ, ಬೆಳಿಗ್ಗೆ ಹತ್ತು. ಬಣ್ಣದ ಮನೆಗೆ ಉತ್ತರ ದಿಕ್ಕಿನ ಬಾಗಿಲಿದೆ. ಹತ್ತು ಗಂಟೆಗೆ ಅಲ್ಲಿ ನೇರ ಬಿಸಿಲಿರುವುದಿಲ್ಲ, ಬೆಳಕು ಮಾತ್ರ. ಚೌಡಪ್ಪನವರು ಯಾವ ಬಣ್ಣವನ್ನೂ ಆ ಬಾಗಿಲಲ್ಲಿ ನೋಡದೆ ಒಪ್ಪುವವರಲ್ಲ. ಅವತ್ತು ಬಣ್ಣ ಕಾಯಿಸುವ ಹಂಡೆ ಒಣಗಿತ್ತು. ಅವರು ಹೊಸ್ತಿಲ ಮೇಲೆ ಕೂತು, ಒಂದು ಕೈಯಲ್ಲಿ ಆ ಕೆಂಪು ಲಡಿ ಹಿಡಿದು, ಇನ್ನೊಂದು ಕೈಯಿಂದ ಎಡಗಣ್ಣು ಮುಚ್ಚಿಕೊಂಡು ನೋಡಿದರು. ಆಮೇಲೆ ಬಲಗಣ್ಣು ಮುಚ್ಚಿ ನೋಡಿದರು.

“ಆಪ್ರೇಸನ್ ಆಗಿರೋದು ಒಂದೇ ಕಣ್ಣು. ಎರಡ್ರಲ್ಲೂ ಒಂದೇ ತರ ಕಾಣ್ತದೆ ಕಣವ್ವ” ಎಂದರು. “ಅಂಗಾರೆ ಎರಡೂ ಓಗವೇನೋ.”

ಅವರ ಪಕ್ಕದಲ್ಲಿ ಕೂತೆ. ಪ್ರಿಂಟನ್ನು ಲಡಿಯ ಪಕ್ಕ ಇಟ್ಟೆ. ಎರಡೂ ಒಂದೇ ಕೆಂಪು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅವರ ಕಣ್ಣು ನನ್ನ ತಪ್ಪನ್ನು ತಪ್ಪಿಲ್ಲದೆ ನಕಲು ಮಾಡಿತ್ತು. ನಂತರ ಪಾಪ್ಲಿನ್ ಹಾಸಿ, ಅದರ ಮೇಲೆ ನನ್ನ ಚೂರನ್ನು ಇಟ್ಟು ಎಲ್ಲವನ್ನೂ ಹೇಳಿದೆ.

ಅವರು ಚೂರನ್ನು ಎತ್ತಿ ಉಜ್ಜಿ ನೋಡಿದರು. “ಇದ ಏನ್ ಮಾಡ್ದೆ? ಬಿಸ್ಲಲ್ಲಿ ಮಡಗಿದ್ಯಾ?”

“ಹತ್ತಿರದ ಮನೆಗಳಿಗೆ ಓಡಾಡೋ ನನ್ನ ಸ್ಕೂಟರಿನ ಮುಂದಿನ ಬುಟ್ಟಿಯಲ್ಲಿ ಇರ್ತಿತ್ತು.”

“ರೇಸ್ಮೆ ಬಿಸ್ಲು ಕಂಡ್ರೆ ಅಳದಿ ತಿರುಗ್ತದೆ. ಮಗ್ಗುದ್ ಮಕ್ಳಿಗೆಲ್ಲ ಗೊತ್ತು.” ಚೂರನ್ನು ಮತ್ತೆ ಪಾಪ್ಲಿನ್ ಮೇಲೆ ಇಟ್ಟರು. “ನಾ ಅವತ್ತೇ ಯೋಳ್ಲಿಲ್ವಾ, ನೀಲಿ ಕಲ್ತ್ಕಂಡದೆ ಅಂತವ?”

“ಹೇಳಿದ್ರಿ.”

“ಬಾಯಲ್ಲಿ ಯೋಳ್ದೆ. ನೀ ಕಾಗ್ದದಲ್ಲಿ ಬರ್ದೆ. ಕಮಿಟಿಯೋರು ಯಾವ್ದ ನಂಬ್ತಾರೆ ಯೋಳು.”

ಜೂನ್ 29, ಬೆಳಿಗ್ಗೆ 11ಕ್ಕೆ ಕಮಿಟಿ. ಲಡಿ, ಪ್ರಿಂಟ್, ಪಾಪ್ಲಿನ್ ಮೇಲೆ ಚೂರು, ಮೂರನ್ನೂ ಮೇಜಿನ ಮೇಲಿಟ್ಟು ನನ್ನ ಟಿಪ್ಪಣಿಯನ್ನು ವಾಪಸ್ಸು ಪಡೆಯುತ್ತೇನೆ ಎಂದೆ. ನಾಗರಾಜು ಅವರು ಕನ್ನಡಕ ತೆಗೆದರು. “ಏಳು ತಿಂಗಳ ಕೆಲಸ. ಅಷ್ಟೂ ತಪ್ಪಾ ಹಾಗಾದ್ರೆ?”

“ಅಷ್ಟೂ. ಮೊದಮೊದಲು ಸ್ವಲ್ಪ, ಚೂರು ಹಳದಿಯಾಗುತ್ತ ಬಂದ ಹಾಗೆ ಜಾಸ್ತಿ. ಒಂದೇ ಅಳತೆಯಲ್ಲಿ ಎಲ್ಲವನ್ನೂ ತಿದ್ದುವುದಕ್ಕೂ ಆಗಲ್ಲ.”

ಹಿರಿಯ ಸದಸ್ಯರೊಬ್ಬರು ಲಡಿಯನ್ನೂ ಪ್ರಿಂಟನ್ನೂ ಕಿಟಕಿಗೆ ಒಯ್ದು ನೋಡಿ ಬಂದರು. “ಲೇ ನಾಗರಾಜು, ಕಣ್ಣಾಸ್ಪತ್ರೆಗೆ ಕ್ಯಾಮ್ರಾನ ಕಳ್ಸಪ್ಪ” ಎಂದರು. ಬಣ್ಣದ ಮನೆ ಚೌಡಪ್ಪನವರಲ್ಲೇ ಉಳಿಯಿತು. ಅಚ್ಚಿಗೆ ಹೋಗಬೇಕಿದ್ದ ನನ್ನ ಪುಸ್ತಕ ನಿಂತಿತು.

ಜುಲೈ 3ರಂದು ಚೌಡಪ್ಪನವರು ಯಳಂದೂರು ಬಸ್ಸು ಹತ್ತಿ ಮಾಂಬಳ್ಳಿಗೆ ಹೋದರು, ಜೊತೆಗೆ ನಾನು. ಅವರ ಚೀಲದಲ್ಲಿ ಹನ್ನೊಂದು ಎಳೆಗಳು, ಒಂದಕ್ಕಿಂತ ಒಂದು ತುಸು ಬೇರೆ ಕೆಂಪು. ಅವರು ನಂಬರು ಬರೆಯುವುದಿಲ್ಲ, ಗಂಟು ಹಾಕುತ್ತಾರೆ: ಒಂದನೆಯದಕ್ಕೆ ಒಂದು ಗಂಟು, ಹನ್ನೊಂದನೆಯದಕ್ಕೆ ಹನ್ನೊಂದು. ದೇವೀರಮ್ಮನವರು ಪಡಸಾಲೆಯಲ್ಲಿ ಧಾರೆ ಸೀರೆಯನ್ನು ಬಿಚ್ಚಿದರು. ಎಳೆಗಳನ್ನು ಅದರ ಮೇಲೆ ಹರಡಿದಾಗ ಒಂದು ಎಳೆ ಸೀರೆಯೊಳಗೆ ಕರಗಿ ಹೋದಂತೆ ಕಾಣದಾಯಿತು. ದೇವೀರಮ್ಮ ಅದನ್ನು ಬೆರಳಿನಿಂದ ತಡವಿ ಹುಡುಕಿ ಎತ್ತಿದರು. ಏಳು ಗಂಟು.

“ಈಗ ನಮ್ಮನೇದು ಬಂತು ನೋಡಪ್ಪ. ಮೊದ್ಲೇ ಬಂದಿದ್ರೆ ಏನಾಗ್ತಿತ್ತು ನಿಂಗೆ?”

ಚೌಡಪ್ಪನವರು ನನ್ನ ಕಡೆ ನೋಡಲೂ ಇಲ್ಲ. “ಬಸ್ಸು ಸಿಕ್ಲಿಲ್ಲ ಕಣ್ರವ್ವ” ಎಂದರು.

ಮದುವೆಗೆ ಹತ್ತು ದಿನ ಮೊದಲೇ ಸೀರೆ ಮಗ್ಗದಿಂದ ಇಳಿಯಿತು. ಪ್ರಕರಣ ಮುಗಿಯಿತು ಎಂದು ಬರೆಯಬೇಕೆಂದಿದ್ದೆ. ಆದರೆ ಅದಾದ ಮೇಲೆ ಒಂದು ಹೊಸ ಅಭ್ಯಾಸ ಕಂಡೆ. ಮೊದಲೆಲ್ಲ ಚೌಡಪ್ಪನವರು ಉತ್ತರದ ಬಾಗಿಲಲ್ಲಿ ಲಡಿ ನೋಡಿ, ತಲೆದೂಗಿ, ಒಣಗಲು ಬಿಡುತ್ತಿದ್ದರು. ಈಗ ಒಂದು ಗಳಿಗೆ ನಿಂತು ಹತ್ತಿರ ಇದ್ದವರನ್ನು ಕರೆಯುತ್ತಾರೆ: “ಸರಿಯಾಗದಾ, ಒಸಿ ನೋಡು.” ವರ್ಷಾಂತ್ಯದವರೆಗೆ ನಾನು ಎಣಿಸಿದ್ದು 26 ಹಂಡೆ ಬಣ್ಣ. 26 ಸಲವೂ ಕೇಳಿದ್ದಾರೆ. 26 ಸಲವೂ ಬಣ್ಣ ಸರಿಯಾಗಿಯೇ ಇತ್ತು. ಟಿಪ್ಪಣಿಯನ್ನು ಕಡತದಿಂದ ತೆಗೆಯುವುದಕ್ಕೆ ಕಮಿಟಿಗೆ ಹತ್ತು ನಿಮಿಷ ಸಾಕಾಯಿತು. ಚೌಡಪ್ಪನವರ ಒಳಗಿಂದ ಅದನ್ನು ತೆಗೆಯುವ ದಾರಿ ನನಗೆ ಗೊತ್ತಿಲ್ಲ. ಒಬ್ಬರ ಕಣ್ಣಿನ ಬಗ್ಗೆ ಕಾಗದದಲ್ಲಿ ಬರೆಯುವ ಮೊದಲು ನನ್ನ ಸಾಧನವನ್ನು ಪರೀಕ್ಷಿಸಬೇಕು ಎಂಬುದನ್ನು ಈ ಕೆಲಸ ನನಗೆ ಕಲಿಸಿದ್ದು ಅವರ ಖರ್ಚಿನಲ್ಲಿ.

ಮತ್ತೆ ಅದೇ ಮನೆಗಳಿಗೆ ಹೋಗುತ್ತಿದ್ದೇನೆ. 212ರಲ್ಲಿ 148 ಸೀರೆಗಳನ್ನು ಸರಿಯಾಗಿ ತೆಗೆದಾಗಿದೆ. ಉಳಿದ 64 ಈಗ ಆ ಮನೆಗಳಲ್ಲಿಲ್ಲ. ಕೆಲವನ್ನು ಹಳೇ ಜರಿ ಕೊಳ್ಳುವವರಿಗೆ ಕೊಟ್ಟಿದ್ದಾರೆ, ಕೆಲವು ಮಗುವಿನ ಲಂಗವಾಗಿವೆ, ಹೆಚ್ಚಿನವು ಮದುವೆಯಾಗಿ ಹೋದ ಹೆಣ್ಣುಮಕ್ಕಳ ಪೆಟ್ಟಿಗೆಯಲ್ಲಿ ಬೇರೆ ಊರು ಸೇರಿವೆ. 88ನೆಯದು ಯಳಂದೂರಿನದು, ರುದ್ರಾಕ್ಷಿ ಅಂಚು, ನನ್ನ ಫೋಟೊದಲ್ಲಿ ಬೂದು. 140ನೆಯದು ಹನೂರಿನದು, ಗೋಪುರದ ಅಂಚು, ಫೋಟೊದಲ್ಲಿ ನೇರಳೆ. 163ನೆಯದು ಕೊಳ್ಳೇಗಾಲದ್ದು, ಸಣ್ಣ ಚೌಕುಳಿ, ಫೋಟೊದಲ್ಲಿ ತಿಳಿನೀಲಿ. ಇವು ನಿಜಕ್ಕೂ ಯಾವ ಬಣ್ಣದವೋ ನನಗೆ ತಿಳಿಯದು.

ಈ ಮೂರು ಊರುಗಳ ಹಳೆಯ ಸೀರೆ ನಿಮ್ಮ ಪೆಟ್ಟಿಗೆಯಲ್ಲಿದ್ದರೆ, ಅಥವಾ ಅದನ್ನು ಉಟ್ಟವರನ್ನು ನೀವು ಕಂಡಿದ್ದರೆ, ದಯವಿಟ್ಟು ಈ ಬರಹ ಅಚ್ಚಾದ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ಬೆಳಿಗ್ಗೆ ಹತ್ತರ ಹೊತ್ತಿಗೆ, ಬಿಸಿಲು ಬೀಳದ ಬಾಗಿಲಲ್ಲಿ ಸೀರೆಯನ್ನು ಬಿಚ್ಚಿ ನೋಡಿ. ಫೋಟೊ ಕಳಿಸಬೇಡಿ. ಆ ಬಣ್ಣಕ್ಕೆ ನಿಮ್ಮ ಮನೆಯಲ್ಲಿ ಏನೆನ್ನುತ್ತಿದ್ದರೋ ಅದನ್ನು ಬರೆದರೆ ಸಾಕು. ಚೌಡಪ್ಪನವರಿಗೆ ಓದಿ ಹೇಳುತ್ತೇನೆ.