ಜಯತ್ತೆ ಕಂಚಲ್ಲಿ ಹೊಯ್ಸಿದ ಅಜ್ಜಿ

ಮಳವಳ್ಳಿ ಸಂತೆಯಲ್ಲಿ ಜೇನು ಮಾರುವವರ ಬುಟ್ಟಿಯ ಪಕ್ಕ ಮೇಣದ ಉಂಡೆಯೊಂದು ಬಿಸಿಲಿಗೆ ಮೆತ್ತಗಾಗುತ್ತ ಕೂತಿತ್ತು. ಅದರ ವಾಸನೆ ಮೂಗಿಗೆ ತಾಗಿದ್ದೇ ತಡ, ಏನು ಕೊಳ್ಳಲು ಬಂದೆ ಎಂಬುದೇ ಮರೆತು ನಿಂತುಬಿಟ್ಟೆ. ಹನಕೆರೆಯ ನಮ್ಮ ಮನೆಯ ಹಿತ್ತಿಲ ಜಗಲಿ ರಜದ ದಿನಗಳಲ್ಲಿ ಹೀಗೇ ಘಮಗುಡುತ್ತಿತ್ತು. ರಸ್ತೆ ಅಗಲವಾದಾಗ ಹೋದ ಮನೆ ಅದು. ಅಪ್ಪನ ತಂಗಿ ಜಯತ್ತೆ ಅಲ್ಲಿ ಮೇಣ ಕಾಯಿಸಿ, ಬೆರಳಲ್ಲೇ ತಿದ್ದಿ ತಿದ್ದಿ ಅಜ್ಜಿಯನ್ನು ಮಾಡುತ್ತಿದ್ದಳು. ಮೈಸೂರಿನಲ್ಲಿ ಶಿಲ್ಪಕಲೆ ಓದಿ ಬಂದು ಮದ್ದೂರಿನ ಶಾಲೆಯೊಂದರಲ್ಲಿ ಡ್ರಾಯಿಂಗ್ ಮೇಡಂ ಆಗಿದ್ದವಳು. ಮದುವೆಯ ಮಾತೆತ್ತಿದವರಿಗೆಲ್ಲ ‘ಈ ಕೆಲ್ಸ ಮುಗೀಲಿ’ ಎನ್ನುತ್ತಿದ್ದಳು. ಎದುರಿಗೆ ಅಜ್ಜಿ ಕಾಲು ಚಾಚಿ, ತೊಡೆಯ ಮೇಲೆ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು.

“ದೇವ್ರ ಮಾಡದ್ ಬುಟ್ಟು ಈ ಬೊಚ್ಚುಬಾಯಿ ಮುದುಕೀನ ಮಾಡ್ತಾ ಕೂತಿದ್ದೀಯಲ್ಲಮ್ಮಿ, ಯಾರ್ ನೋಡಾರು?”

“ನಾನ್ ನೋಡ್ತಿಲ್ವಾ? ಅಲ್ಲಾಡ್‌ಬ್ಯಾಡ ಕಣವ್ವ.”

ಮೇಣದ ಅಜ್ಜಿಗೆ ಮಣ್ಣು ಮೆತ್ತಿ, ಕಾಯಿಸಿ ಮೇಣ ಇಳಿಸಿ, ಆ ಟೊಳ್ಳಿಗೆ ಕಂಚು ಹೊಯ್ಸಿ ತರುವಷ್ಟರಲ್ಲಿ ಎರಡು ವರ್ಷ ಕಳೆದಿತ್ತು. ಮೊಳದೆತ್ತರದ ಪ್ರತಿಮೆ. ಬೆಂಗಳೂರಿನ ಗ್ಯಾಲರಿಗಳಿಗೆಲ್ಲ ಫೋಟೊ ಕಳಿಸಿದಳು. ಒಂದೇ ಒಂದು ಕಡೆಯಿಂದ ತಂದು ತೋರಿಸಿ ಎಂದು ಉತ್ತರ ಬಂತು. ಅಜ್ಜಿಯ ಹಳೇ ಸೀರೆಯಲ್ಲಿ ಅದನ್ನು ಸುತ್ತಿಕೊಂಡು, ರಜದಲ್ಲಿದ್ದ ನನ್ನನ್ನೂ ಕರೆದುಕೊಂಡು ರೈಲು ಹತ್ತಿದಳು.

ಗ್ಯಾಲರಿಯವರು ಪ್ರತಿಮೆಯನ್ನು ಒಮ್ಮೆ ಸುತ್ತಲೂ ನೋಡಿದರು. “ಕೆಲಸ ಚೆನ್ನಾಗಿದೆ ಮೇಡಂ. ಆದರೆ ಇಂಥದನ್ನ ಮನೇಲಿ ಯಾರು ಇಟ್ಕೋತಾರೆ? ಬುದ್ಧ ಇದ್ರೆ ತನ್ನಿ.”

“ಒಂದು ವಾರ, ಮೂಲೇಲಾದ್ರೂ ಇಡಿ ಸಾರ್” ಎಂದಳು ಅತ್ತೆ. ಯಾರ ಮುಂದೂ ತಲೆ ತಗ್ಗಿಸದವಳು ಬೇಡಿಕೊಂಡದ್ದನ್ನು ನಾನು ಕಂಡದ್ದು ಅದೇ ಮೊದಲು. ಅವರು ಆಗಲೇ ಫೋನು ಎತ್ತಿಕೊಂಡಿದ್ದರು.

ವಾಪಸು ಬರುವಾಗ ರೈಲು ಶಿಂಷಾ ಸೇತುವೆ ದಾಟುತ್ತಿದ್ದಂತೆ ಅತ್ತೆ ಸೀರೆ ಸರಿಸಿ, ಕಂಚಿನ ಬಲಗೈಯನ್ನು ನನಗೆ ತೋರಿಸಿ ಕೇಳಿದಳು: “ಈ ಕೈ ಒಸಿ ದಪ್ಪ ಆಯ್ತೇನಮ್ಮಿ? ಅದ್ಕೇ ಬ್ಯಾಡ ಅಂದ್ರಾ?” ನನಗೆ ಹಸಿವಾಗಿತ್ತು, ಮನೆ ಸೇರಿದರೆ ಸಾಕಾಗಿತ್ತು. “ಊಂ ಕಣತ್ತೆ” ಎಂದುಬಿಟ್ಟೆ.

ಮರುದಿನ ಬೆಳಿಗ್ಗೆ ಎದ್ದಾಗ ಹಿತ್ತಿಲಲ್ಲಿ ಅರ ಉಜ್ಜುವ ಸದ್ದು. ಅತ್ತೆ ಕಂಚಿನ ಅಜ್ಜಿಯ ಹೆಬ್ಬೆರಳನ್ನು ಸಣ್ಣಗೆ ಮಾಡುತ್ತಿದ್ದಳು. ಕಂಚಿನ ಪುಡಿ ಮೊಣಕಾಲಿನ ಮೇಲೆಲ್ಲ ಹೊಳೆಯುತ್ತಿತ್ತು. ಅಜ್ಜಿ ಬಂದು ಪಕ್ಕದಲ್ಲಿ ಕೂತು ತನ್ನ ಕೈಯನ್ನೇ ಮುಂದೆ ಚಾಚಿದಳು. “ಬ್ಯಾಡ ಬುಡು ಮಗಾ. ನನ್ ಕೈ ಇರಾದೇ ಇಂಗೆ.” ಅತ್ತೆ ಆ ಕೈಯನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು. ನಾನು ಬಾಗಿಲ ಹಿಂದೆ ನಿಂತಿದ್ದೆ. ನಾನು ಸುಮ್ಮನೆ ಹೇಳಿದ್ದು ಎಂದು ಹೇಳಲು ಬಾಯಿ ಬರಲಿಲ್ಲ.

ಆಮೇಲೂ ವರ್ಷಗಟ್ಟಲೆ ಅಲೆದಳು. ಹೋದಲ್ಲೆಲ್ಲ ಒಂದೇ ಪ್ರಶ್ನೆ: ಈ ಮೊದಲು ಎಲ್ಲಿ ಪ್ರದರ್ಶನವಾಗಿದೆ? ಎಲ್ಲೂ ಆಗಿರಲಿಲ್ಲ, ಆದ್ದರಿಂದ ಎಲ್ಲೂ ಆಗಲಿಲ್ಲ. ನಿಮ್ಮ ಮನೆಯಲ್ಲೂ ಹೀಗೆ ಕಾದು ಕಾದು ಸವೆದವರು ಒಬ್ಬರಿದ್ದಿರಬಹುದು. ಈ ನಡುವೆ ಅಜ್ಜಿ ತೀರಿಹೋದಳು. ಕಡೆಗೆ ಅತ್ತೆ ಮಂಡ್ಯದ ನಮ್ಮ ಮನೆಯಲ್ಲಿ ಹಾಸಿಗೆ ಹಿಡಿದಾಗ ಅಲೆಯುವ ಕೆಲಸ ನನ್ನದಾಯಿತು. ಮೊಬೈಲಿನಲ್ಲಿ ಫೋಟೊ ತೋರಿಸುತ್ತ ತಿರುಗಿದೆ. ಒಂದು ಮಧ್ಯಾಹ್ನ ಬರಿಗೈಯಲ್ಲಿ ಬಂದಾಗ ಕೇಳಿದಳು:

“ಒಪ್ಪುದ್ರೇನಮ್ಮಿ?”

ಅವಳ ಕಣ್ಣು ನೋಡಿ ಇಲ್ಲವೆನ್ನಲಾಗಲಿಲ್ಲ. “ಒಪ್ಪವ್ರೆ ಕಣತ್ತೆ.”

ಎದ್ದು ಕೂರಲು ನೋಡಿದಳು. “ಅಲ್ಲಿ ಕಿಟಕಿ ಯಾವ್ ಕಡೀಕದೆ?”

“ಮೂಡ್ಲಿಗೆ. ದೊಡ್ಡ ಕಿಟಕಿ.”

ಕಣ್ಣು ಮುಚ್ಚಿ, ಪ್ರತಿಮೆ ತಿರುಗಿಸುವಂತೆ ಗಾಳಿಯಲ್ಲೇ ಕೈ ಆಡಿಸಿದಳು. “ಅಂಗಾದ್ರೆ ಅವ್ವನ್ ಮಕನ ಒಸಿ ಬಡಗ್ಲಿಗೆ ತಿರುಗ್ಸಕ್ಕೇಳು. ಬಿಸ್ಲು ನೆಟ್ಟಗೆ ಕಣ್ಗೆ ಒಡೀಬಾರ್ದು.”

ಆ ವಾರವೇ ಅತ್ತೆ ತೀರಿಕೊಂಡಳು. ನಾನು ಈಗಲೂ ಕೇಳುತ್ತ ತಿರುಗುತ್ತೇನೆ. ಕಳೆದ ತಿಂಗಳು ಹೋದ ಗ್ಯಾಲರಿಗೆ ಕಿಟಕಿಯೇ ಇರಲಿಲ್ಲ, ಎಲ್ಲ ದೀಪದ ಬೆಳಕು. ಅಲ್ಲಿದ್ದ ಹುಡುಗಿ ಫೋಟೊ ನೋಡಿ, “ಮುಂದಿನ ಸಲ ಕಲಾವಿದರನ್ನೇ ಕಳಿಸಿ, ಮಾತಾಡೋಣ” ಎಂದಳು.

ಆಗಲಿ ಎಂದು ಹೇಳಿ ಬಂದೆ.